ಜನರಲ್ ಸಾಹೇಬರ ಟ್ರಂಕು

ನಾನು ಒಂದು ಕಬ್ಬಿಣದ ಟ್ರಂಕು. ಬೆಳಗಾವಿಯ ಕ್ಯಾಂಪ್ ಬಜಾರಿನ ತಗಡಿನ ಅಂಗಡಿಯಲ್ಲಿ ಹುಟ್ಟಿದೆ. ಆಗ ಬಿದ್ದ ಸುತ್ತಿಗೆಯ ಏಟು ಇನ್ನೂ ನನ್ನ ಕಿವಿಯಲ್ಲಿದೆ. ಕಿವಿ ಎಂದರೆ ನನ್ನ ಎರಡು ಹಿಡಿಕೆಗಳು.

ನನ್ನನ್ನು ಕೊಂಡವರು ಸಂಕೇಶ್ವರದ ಬಾಳಗೊಂಡ ನೇರ್ಲಿ ಎಂಬ ಹೊಸ ಲೆಫ್ಟಿನೆಂಟ್. ಸೈನ್ಯದ ಪದ್ಧತಿಯಂತೆ ನನ್ನ ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಅವರ ಹುದ್ದೆ, ಹೆಸರು ಬರೆಸಿದರು. ಬಡ್ತಿ ಸಿಕ್ಕಾಗಲೆಲ್ಲ ಪೇಂಟರ್ ಬಂದು ಹಳೆಯದರ ಮೇಲೆ ಕಪ್ಪು ಬಳಿದು ಹೊಸದು ಬರೆಯುತ್ತಿದ್ದ. ಸಾಹೇಬರ ಹೆಗಲಿಗೆ ನಕ್ಷತ್ರಗಳು ಹೆಚ್ಚಿದವು, ನನ್ನ ಮೈಗೆ ಬಣ್ಣ ದಪ್ಪವಾಯಿತು.

ಅವರ ಹೆಂಡತಿ ಕಾಶವ್ವನಿಗೆ ಇದ್ದದ್ದು ಒಂದೇ ಆಸೆ: ತಾನೇ ನೆಟ್ಟ ಕರಿಬೇವಿನ ಎಲೆಯನ್ನು ತನ್ನದೇ ಒಗ್ಗರಣೆಗೆ ಹಾಕಬೇಕು. ಹೋದ ಊರಿನಲ್ಲೆಲ್ಲ ಸರಕಾರಿ ಮನೆಯ ಹಿತ್ತಲಲ್ಲಿ ಒಂದು ಸಸಿ ನೆಡುತ್ತಿದ್ದಳು. ಅದು ಚಿಗುರುವ ಹೊತ್ತಿಗೆ ವರ್ಗಾವಣೆ ಬರುತ್ತಿತ್ತು. ಎಲೆ ತಿನ್ನುವವರು ಮುಂದೆ ಬರುವ ಸಾಹೇಬರ ಮನೆಯವರು. ಗಂಡ ಪ್ರತಿ ಸಲವೂ ಇದೇ ಕೊನೆಯ ಊರು ಎನ್ನುತ್ತಿದ್ದರು. ಅವಳು ನನ್ನ ಮುಚ್ಚಳವನ್ನು ಧಡಾರನೆ ಹಾಕುತ್ತಿದ್ದಳು. ಆ ಉತ್ತರವೆಲ್ಲ ನನಗೇ ಬೀಳುತ್ತಿತ್ತು.

ಜನರಲ್ ಆಗಿ ನಿವೃತ್ತರಾದ ಸಾಹೇಬರು ಸಂಕೇಶ್ವರಕ್ಕೆ ಬಂದರು. ಕಾಶವ್ವ ಹಿತ್ತಲಲ್ಲಿ ಸಸಿ ನೆಟ್ಟಳು. ಅಷ್ಟರಲ್ಲಿ ದೇಶಕ್ಕೆ ರಾಷ್ಟ್ರಪತಿ ಬೇಕಾದರು. ಯಾವ ಪಕ್ಷದವರ ಮೇಲೂ ಸಾಹೇಬರು ಒಂದು ಮಾತು ಆಡಿದವರಲ್ಲ. ಅವರು ಮಾತಾಡುವುದೇ ಕಡಿಮೆ. ಹೀಗಾಗಿ ಎಲ್ಲರೂ ಅವರನ್ನೇ ಒಪ್ಪಿಕೊಂಡರು.

“ಇದೂ ವರ್ಗಾವಣೆನ ಏನ್ರಿ?” ಎಂದು ಕೇಳಿದಳು ಕಾಶವ್ವ.

“ಇದು ಖರೇನ ಕೊನೇದು, ಕಾಶಿ,” ಎಂದರು ಸಾಹೇಬರು.

ಸಸಿಯನ್ನು ಪಕ್ಕದ ಮನೆಯವರ ಆಡು ತಿಂದಿತೆಂದು ದಿಲ್ಲಿಗೆ ಸುದ್ದಿ ಬಂತು.

ದೊಡ್ಡ ರಾಷ್ಟ್ರಪತಿ ಭವನದಲ್ಲಿ ನನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ರಾಷ್ಟ್ರಪತಿಗಳ ಯುದ್ಧಕಾಲದ ಸಂಗಾತಿ ಎಂದು ಫಲಕ ಹಾಕಿದರು. ಒಳಗೆ ಏನಿದೆ ಎಂದು ಯಾರೂ ನೋಡಲಿಲ್ಲ. ಕಾಶವ್ವ ಬೆಳ್ಳುಳ್ಳಿ ಹಾಕಿ ಕುಟ್ಟಿದ ಚಟ್ನಿಪುಡಿ, ಅಗಸಿ ಹಿಂಡಿಯ ಡಬ್ಬಿಯೂ ಗರಿಗರಿ ಕಟಕ ರೊಟ್ಟಿಯ ಗಂಟೂ ನನ್ನಲ್ಲೇ ಇದ್ದವು. ಬೆಳ್ಳುಳ್ಳಿಯ ವಾಸನೆ ಹರಡಿತು. ನೋಡಲು ಬಂದವರು ಅದನ್ನು ಮದ್ದುಗುಂಡಿನ ವಾಸನೆ ಎಂದುಕೊಂಡು ಭಕ್ತಿಯಿಂದ ಮೂಗಿಗೆ ಏರಿಸಿಕೊಂಡರು. ಕೊನೆಗೆ ಕಾಶವ್ವನೇ ಬಂದು ಡಬ್ಬಿ ತೆಗೆದುಕೊಡು ಎಂದು ಕಾವಲುಗಾರನನ್ನು ಕೇಳಬೇಕಾಯಿತು. ಅವನು ಮೇಲಿನವರ ಅಪ್ಪಣೆ ಬೇಕು ಎಂದ. ಎಲ್ಲರಿಗೂ ಮೇಲಿನವರಾದ ಸಾಹೇಬರು ಆಗ ಹಿಂಡಿ ಇಲ್ಲದೆ ಊಟಕ್ಕೆ ಕುಳಿತಿದ್ದರು. ಅಪ್ಪಣೆ ಬೇಗ ಬಂತು.

ಅವಧಿ ಮುಗಿದು ಊರಿಗೆ ಮರಳಿದ ಮರುದಿನವೇ ಕಾಶವ್ವ ಬೆಸುಗೆಯವನನ್ನು ಕರೆಸಿ ನನ್ನ ಮುಚ್ಚಳ ಬಿಚ್ಚಿಸಿದಳು, ತಳಕ್ಕೆ ತೂತು ಕೊರೆಸಿದಳು. ಅವಳು ನನ್ನ ತುಂಬ ಮಣ್ಣು ಹಾಕಿ ಕರಿಬೇವು ನೆಟ್ಟಳು. ಆಡು ಬಾರದಂತೆ ಮುಚ್ಚಳವನ್ನು ಅಡ್ಡ ನಿಲ್ಲಿಸಿದಳು. ಜನರಲ್ ನೇರ್ಲಿ ಎಂಬ ಅಕ್ಷರ ಈಗ ಆಡುಗಳ ಎದುರು ಕಾವಲಿಗಿದೆ.

ಮೊನ್ನೆ ದೊಡ್ಡ ಕಾರಿನಲ್ಲಿ ಕೆಲವರು ಬಂದರು. ದಿಲ್ಲಿಯಲ್ಲಿ ಯಾವುದೋ ಮಂಡಳಿಗೆ ಸಾಹೇಬರೇ ಅಧ್ಯಕ್ಷರಾಗಬೇಕಂತೆ. ಕಾಶವ್ವ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಳು. ಸಾಹೇಬರು ಅವಳನ್ನು ನೋಡಿದರು, ನನ್ನನ್ನು ನೋಡಿದರು.

“ಆಗೂದಿಲ್ರಿ,” ಎಂದರು. “ಟ್ರಂಕ್ ಖಾಲಿ ಇಲ್ಲ.”

ಬಂದವರಿಗೆ ಅರ್ಥವಾಗಲಿಲ್ಲ. ಕಾಶವ್ವ ಹೊರಗೆ ಬಂದು ನನ್ನ ಗಿಡದಿಂದ ಒಂದು ಎಸಳು ಮುರಿದುಕೊಂಡು ಒಳಗೆ ಹೋದಳು. ಎಣ್ಣೆಯಲ್ಲಿ ಎಲೆ ಚಟಪಟ ಎಂದಿತು. ನನ್ನ ತಳಕ್ಕೆ ತುಕ್ಕು ಹಿಡಿಯುತ್ತಿದೆ, ಹಿಡಿಯಲಿ. ನಾನಿನ್ನು ಎಲ್ಲಿಗೂ ಹೋಗುವುದಿಲ್ಲ.