ಕಮಾಂಡರ್‌ನ ಬಲಗೈ

ಬಂಡುಕೋರರ ಕಮಾಂಡರ್ ಸಿಕ್ಕಿಬಿದ್ದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಬಾಯಿ ತೆರೆದು ಕೂತಿದ್ದಾಗ. ಪೊಲೀಸರು ಮುಖಕ್ಕೆ ಬಟ್ಟೆ ಬಿಗಿದು ಜೀಪಿಗೆ ಎಸೆದರು. ಮೂರು ಊರು ಸುಟ್ಟವನನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಪ್ಪಿಸುವುದಾಗಿ ಸರ್ಕಾರ ಮಾತು ಕೊಟ್ಟಿತ್ತು. ವಿಮಾನ ಸಂಜೆಗೆ. ಅದಕ್ಕೆ ಮೊದಲು ಮ್ಯಾಜಿಸ್ಟ್ರೇಟರು ಅವನನ್ನು ಕಣ್ಣಾರೆ ನೋಡಿ ಹಸ್ತಾಂತರದ ಆದೇಶಕ್ಕೆ ಸಹಿ ಹಾಕಬೇಕಿತ್ತು.

ಆದರೆ ಠಾಣೆಗೆ ತನ್ನದೇ ಪದ್ಧತಿಯಿತ್ತು. ಯಾವ ಆರೋಪಿ ಬಂದರೂ ಮೊದಲು ‘ಮರ್ಯಾದೆ’. ಇನ್‌ಸ್ಪೆಕ್ಟರು ಮೇಲಿನವರಿಗೆ ಫೋನ್ ಮಾಡಿ ಹೊರಬರುವಷ್ಟರಲ್ಲಿ ಅದು ಮುಗಿದಿತ್ತು. ಇನ್‌ಸ್ಪೆಕ್ಟರ ಹೆಂಡತಿಯ ತಮ್ಮ ಅದೇ ಠಾಣೆಯಲ್ಲಿ ಕಾನ್‌ಸ್ಟೇಬಲ್. ಅವನು ಕಮಾಂಡರ್‌ನ ಬಲಗೈಯನ್ನು ಕಬ್ಬಿಣದ ಬಾಗಿಲ ಸಂದಿಗೆ ತುರುಕಿ ಬಾಗಿಲನ್ನು ಒದ್ದಿದ್ದ. ಬೆರಳುಗಳು ಹಿಂದಕ್ಕೆ ಮಡಚಿದ್ದವು. ಒಂದರಿಂದ ಮೂಳೆ ಹೊರಗೆ ಚಾಚಿತ್ತು. ನೆಲದ ತುಂಬ ರಕ್ತ, ವಾಂತಿ.

“ನಮ್ಮಪ್ಪನ್ನ ಕೂಡಿಹಾಕಿ ಬೆಂಕಿ ಇಟ್ಟ ಕೈ ಭಾವ ಇದು,” ಎಂದ ಏದುಸಿರು ಬಿಡುತ್ತ.

ವಿದೇಶಾಂಗ ಇಲಾಖೆಯ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಬಂದ. “ಮೆಟ್ಟಿಲಿಂದ ಬಿದ್ದ ಅಂತ ಬರೆದು ಮುಗಿಸ್ರೀ.”

“ನಮ್ಮ ಠಾಣೆಗೆ ಮೆಟ್ಟಿಲೇ ಇಲ್ವಲ್ಲ ಸಾರ್. ಕಟ್ಟಿಸಿಕೊಡಿ, ಬೀಳಿಸ್ತೀವಿ,” ಎಂದರು ಇನ್‌ಸ್ಪೆಕ್ಟರು.

ನೆಲದಲ್ಲಿದ್ದ ಕಮಾಂಡರ್ ರಕ್ತ ಉಗಿದು ನಕ್ಕ. “ಹೌದು, ಬಿದ್ದೆ. ಹಾಗೇ ಬರ್ಕೊಳ್ಳಿ.”

ಆ ನಗು ಇನ್‌ಸ್ಪೆಕ್ಟರಿಗೆ ಅರ್ಥವಾಯಿತು. ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಿಗೆ ಅವನು ಈ ಕೈ ತೋರಿಸುತ್ತಾನೆ. ಠಾಣೆ ಬರೆದದ್ದು ಸುಳ್ಳು ಎಂದಾಗುತ್ತದೆ. ಸುಟ್ಟ ಊರುಗಳ ಸಾಕ್ಷಿಗಳ ಹೇಳಿಕೆ ಬರೆದುಕೊಂಡದ್ದೂ ಇದೇ ಠಾಣೆ; ಅವನ್ನೂ ಆಗ ಯಾರೂ ನಂಬುವುದಿಲ್ಲ.

ಕಾನ್‌ಸ್ಟೇಬಲ್ ಮತ್ತೆ ಬೂಟುಗಾಲು ಎತ್ತಿದ. ಇನ್‌ಸ್ಪೆಕ್ಟರು ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದರು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು.

“ಯಾರ್ಯಾರನ್ನೋ ಉಳಿಸೋಕೆ ‘ಬಿದ್ದ’ ಅಂತ ಸುಳ್ಳು ಬರೆದಿದ್ದೀರಿ. ನನಗೆ ಬರೆಯೋಕೆ ಮಾತ್ರ ಕೈ ಬರಲ್ವಾ ಭಾವ?”

ಇನ್‌ಸ್ಪೆಕ್ಟರು ಕಮಾಂಡರ್‌ನ ಕೈಗೆ ಬ್ಯಾಂಡೇಜು ಕಟ್ಟಿಸಿ, ಇಬ್ಬರನ್ನೂ ಕೋರ್ಟಿಗೆ ಕರೆದೊಯ್ದರು.

ಮ್ಯಾಜಿಸ್ಟ್ರೇಟರು ಬ್ಯಾಂಡೇಜು ಬಿಚ್ಚಿಸಿ ನೋಡಿದರು. “ಯಾರು ಮಾಡಿದ್ದು?”

“ನನ್ನ ಕಾನ್‌ಸ್ಟೇಬಲ್ ಸ್ವಾಮಿ. ನನ್ನ ಭಾಮೈದ. ಠಾಣೆಯಲ್ಲಿ ನಾನಿದ್ದಾಗಲೇ.”

ಸಹಿ ಎರಡು ಬಿದ್ದವು. ಒಂದು ಕಮಾಂಡರ್‌ನ ಹಸ್ತಾಂತರಕ್ಕೆ, ಇನ್ನೊಂದು ಕಾನ್‌ಸ್ಟೇಬಲ್‌ನ ಬಂಧನಕ್ಕೆ. ಕಮಾಂಡರ್ ಈಗ ನಗುತ್ತಿರಲಿಲ್ಲ; ಹಿಂಬಾಗಿಲಿನಿಂದ ಅವನನ್ನು ವಿಮಾನ ನಿಲ್ದಾಣಕ್ಕೆ ಎಳೆದೊಯ್ದರು.

ಕೋರ್ಟಿನ ಮೊಗಸಾಲೆಯಲ್ಲಿ ಇನ್‌ಸ್ಪೆಕ್ಟರು ತಾವೇ ಭಾಮೈದನಿಗೆ ಬೇಡಿ ತೊಡಿಸತೊಡಗಿದರು.

“ಅಕ್ಕನಿಗೆ ಯಾರು ಹೇಳೋದು?”

“ನಾನೇ.”

ಅವನು ಮುಖಕ್ಕೆ ಉಗಿದ. ಇನ್‌ಸ್ಪೆಕ್ಟರು ಒರೆಸಿಕೊಳ್ಳದೆ ಇನ್ನೊಂದು ಮಣಿಕಟ್ಟಿಗೂ ಬಿಗಿದರು.