ಗೋವಿನಜೋಳದ ಬೀಗರು

ಮಾಲವ್ವ ಸತ್ತೆವ್ವನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಬಿಳಿ ಕುದರಿ ಏರಿ ಬರತಿದ್ದ್ಯೋ ನನ್ನ ತಮ್ಮಾ, ನೂರಾಳಿಗೆ ನ್ಯಾಯಾ ಹೇಳತಿದ್ದ್ಯೋ...” ಎಂದು ಏರುತ್ತಿದ್ದ ಹಾಡು ಅರ್ಧಕ್ಕೇ ಕಡಿಯಿತು. ಭಜನೆಯವರು ತಾಳ ತಗ್ಗಿಸಿದರು. ಪಡಸಾಲೆಯ ಗೋಡೆಗೊರಗಿಸಿ ಕೂಡಿಸಿದ್ದ ಅಡಿವೆಯ್ಯನ ಹೆಣದ ಹಣೆಯ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂವು.

“ಯಾರ ಕುದರಿ ಅಕ್ಕಾ ಅದು? ಇವರು ಕುದರಿ ಕಂಡ್ರ ಹಾದಿ ಬಿಟ್ಟು ಇಳೀತಿದ್ರು. ಹೋದ ತಿಂಗಳ ಗೌಡ್ರ ಹೆಣದ ಮುಂದ ಹಾಡಿದ ಹಾಡ ಇದು.”

ಸತ್ತವರ ಗುಣವನ್ನು ಹಾಡಿ ಅಳುವುದರಲ್ಲಿ ಮುಂಡಗೋಡದ ಸುತ್ತಿನ ಹತ್ತು ಹಳ್ಳಿಗಳಲ್ಲಿ ಸತ್ತೆವ್ವನನ್ನು ಮೀರಿಸಿದವರಿರಲಿಲ್ಲ. ಅವಳಿಗೆ ಮುಖಭಂಗವಾಯಿತು.

“ಮತ್ತೇನ ಹಾಡ್ಲಿ ತಂಗಿ? ದುಡದಾ, ಉಂಡಾ, ಮಲಗಿದಾ ಅನ್ಲೇನು? ದಿನಕ್ಕ ನಾಕು ಮಾತು ಆಡಿದಾಂವ ಅಲ್ಲ ನಿನ್ನ ಗಂಡ. ಒಂದ ಗುಣಾ ಹೇಳು, ಹಾಡ್ತೇನಿ.”

ಮಾಲವ್ವನಿಗೆ ಹೇಳಲು ಏನೂ ಇರಲಿಲ್ಲವೆಂದಲ್ಲ. ಹೇಳಿದರೆ ಗಂಡನ ಎದುರಿಗೇ ಮಂದಿ ನಕ್ಕಾರು. ಹೇಳದಿದ್ದರೆ ಅವನು ಬೇರೊಬ್ಬರ ಹಾಡು ಹೊದ್ದು ಮಣ್ಣಿಗೆ ಹೋಗಬೇಕು.

*

ಮೂವತ್ತೆಂಟು ವರ್ಷಗಳ ಹಿಂದಿನ ಮಾತು. ಟಿಬೆಟನ್ ಕಾಲೊನಿಯವರ ಗೋವಿನಜೋಳದ ಹೊಲ ಕಾಯುವ ಕೂಲಿ ಅಡಿವೆಯ್ಯನದು. ತೆನೆಗೆ ಹಾಲು ತುಂಬಿದೊಡನೆ ಗಿಳಿಗಳು ಹಿಂಡುಗಟ್ಟಿ ಇಳಿಯುತ್ತಿದ್ದವು. ಒಂದು ಮಧ್ಯಾಹ್ನ ಬುತ್ತಿ ತಂದ ಮಾಲವ್ವ ಬದುವಿನ ಮೇಲೆಯೇ ನಿಂತುಬಿಟ್ಟಳು. ಕಾವಲಿನ ಅಟ್ಟದಿಂದ ಗಂಡನ ದನಿ ಬರುತ್ತಿತ್ತು. ಮನೆಯಲ್ಲಿ ಅವಳು ಎಂದೂ ಕೇಳದ ದನಿ.

“ಬರ್ರಿ ಬೀಗರ, ಬರ್ರಿ. ನಿನ್ನೇನೂ ಬಂದಿದ್ರಿ, ಇವತ್ತೂ ಬಂದ್ರಿ. ಮಗಳನ್ನ ಕೊಟ್ಟ ಮನೀಗೆ ದಿನಾ ಉಣ್ಣಾಕ ಬಂದ್ರ ಮಂದಿ ಏನಂದಾರು?”

ಮರುಗಳಿಗೆಯೇ ಅದೇ ಬಾಯಿ, ಗಂಟಲನ್ನು ಕಿರಿದು ಮಾಡಿ: “ಮಗಳನ್ನ ನೋಡಾಕ ಬಂದೇವ್ರಿ. ಊಟದ್ದೇನು, ನೀಡಿದ್ರ ಬ್ಯಾಡ ಅನ್ನೂದಿಲ್ಲ!”

ಕಲ್ಲಿಲ್ಲದ ಕವಣೆಯನ್ನು ಗಾಳಿಯಲ್ಲಿ ಚಟ್ಟೆನಿಸಿ, “ಹೋಗಿ ಬರ್ರಿ, ಮನ್ಯಾಗ ಎಲ್ಲಾರ್ನೂ ಕೇಳೇನಿ ಅಂತ ಹೇಳ್ರಿ,” ಎಂದು ಅಡಿವೆಯ್ಯ ರೆಕ್ಕೆ ಬಡಿದು ಮೇಲೆದ್ದ ಬೀಗರನ್ನು ಮರ್ಯಾದೆಯಿಂದ ಬೀಳ್ಕೊಟ್ಟ.

ಮಾಲವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಅಂದಿನಿಂದ ಪ್ರತಿ ಹಂಗಾಮಿನಲ್ಲೂ ಅವಳ ಬುತ್ತಿ ಒಂದು ತಾಸು ಮೊದಲೇ ಹೊರಡುತ್ತಿತ್ತು. ಕೇಳಿಸಿಕೊಂಡೆನೆಂದು ಅವಳು ಒಮ್ಮೆಯೂ ಹೇಳಲಿಲ್ಲ. ಹೇಳಿದ್ದರೆ ಆ ದನಿ ನಾಚಿ ಅಡಗಿಬಿಡುತ್ತಿತ್ತು.

*

“ಗಿಳಿಗೋಳ ಜೋಡಿ ಮಾತಾಡ್ತಿದ್ರು,” ಎಂದಳು ಮಾಲವ್ವ. “ಬೀಗರಂತ ಕರೀತಿದ್ರು.”

ಯಾರೋ ಕಿಸಕ್ಕೆಂದರು. ಬಾಗಿಲಲ್ಲಿ ನಿಂತಿದ್ದ ಮಗ ಶರಣಬಸವ ತಲೆ ತಗ್ಗಿಸಿದ. “ಸುಮ್ನಿರಬೇ ಅವ್ವಾ. ಮಂದಿ ನಗಾಕತ್ತಾರ.”

“ನಗಲಿ. ನಗಸೂ ಮಾತ ಐತಿ ಅದು. ನಿಮ್ಮಪ್ಪ ಹೊಲಾ ಕಾದದ್ದು ಊರಿಗೆಲ್ಲಾ ಗೊತ್ತು. ಗಿಳಿಗೋಳ ಜೋಡಿ ಬೀಗಸ್ತನಾ ಮಾಡಿದ್ದು ಯಾರಿಗೆ ಗೊತ್ತೈತಿ?”

ಸತ್ತೆವ್ವ ನಗಲಿಲ್ಲ. ಕಸುಬು ಬಲ್ಲವಳ ಗಾಂಭೀರ್ಯದಿಂದ ಕೇಳಿದಳು: “ಬೀಗರು ತಿರುಗಿ ಏನಂತಿದ್ರು?”

ಮಾಲವ್ವ ಬೆನ್ನು ನೆಟ್ಟಗೆ ಮಾಡಿದಳು. ಹುಟ್ಟಿದಾಗಿನಿಂದ ನಾಲ್ಕು ಜನರೆದುರು ದನಿ ಎತ್ತದವಳು, ಗಂಡನ ಮುಖವನ್ನೇ ನೋಡುತ್ತ, ಗಂಟಲು ಕಿರಿದು ಮಾಡಿ, “‘ಹ್ವಾದ ವರ್ಷ ಕಾಳು ದಪ್ಪ ಇದ್ದುವಲ್ರೀ ಬೀಗರ, ಈ ಸಲಾ ಯಾಕ ಕೈ ಬಿಗಿ ಹಿಡದೀರಿ?’” ಎಂದಳು.

ಭಜನೆಯ ಮುದುಕನೊಬ್ಬ ತಾಳ ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡ. ಅವನ ಕಣ್ಣಲ್ಲಿ ನೀರು ತುಂಬಿತು.

ಸತ್ತವರ ಮಗ್ಗುಲ ಜಾಗವನ್ನು ನಲವತ್ತು ವರ್ಷ ಯಾರಿಗೂ ಬಿಟ್ಟುಕೊಡದ ಸತ್ತೆವ್ವ ಅತ್ತ ಸರಿದು ನೆಲ ತಟ್ಟಿದಳು. “ಇಲ್ಲಿ ಬಾ ತಂಗಿ. ನೀ ಹೇಳು, ನಾ ನಿನ್ನ ಹಿಂದ ಹಾಡ್ತೇನಿ.”

ಹೂ ಕಟ್ಟಿದ ಶವದ ವಿಮಾನ ಹೊರಲು ಬಂದವರು ಅಂಗಳದಲ್ಲಿ ಹೊತ್ತೇರುವುದನ್ನು ನೋಡುತ್ತಿದ್ದರು. ಶರಣಬಸವ ಹೆಗಲ ಮೇಲಿನ ಟವೆಲನ್ನು ತೆಗೆದು ನೆಲಕ್ಕೆ ಹಾಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

“ಆಮ್ಯಾಲೆ, ಅಪ್ಪ ಏನಂದಬೇ?”