ಧೈರ್ಯಕ್ಕೆ ಬೋಳಿಸಿದ ತಲೆ

“ಮೀಸೇನೂ ತೆಗುದ್ಬುಡ್ಲಾ ಸಾ?”

ತೆಗೆ, ಎಂದ ರಘುನಂದನ ಕ್ಷೌರಿಕನಿಗೆ. ಅರ್ಧಕ್ಕೆ ನಿಲ್ಲಿಸುವ ಜಾಯಮಾನ ಅವನದಲ್ಲ. ತಲೆ ಆಗಲೇ ನುಣ್ಣಗಾಗಿತ್ತು. ಎದುರಿಗೆ ಸಂಗಮದ ಮೆಟ್ಟಿಲ ಮೇಲೆ ಮೂರು ವರ್ಷದ ಮಗ ಸಿದ್ದಾರ್ಥ ಅಮ್ಮನ ವೇಲು ಹಿಡಿದುಕೊಂಡು ಬಿಕ್ಕುತ್ತಿದ್ದ. ಮುಡಿ ತೆಗೆಸಬೇಕಾಗಿದ್ದದ್ದು ಅವನದು.

“ಮೀಸೆ ಬೇಡ ಕಣ್ರೀ,” ಎಂದಳು ಹೆಂಡತಿ ರಂಜಿತ. “ನಿಮ್ಮಪ್ಪ ಇನ್ನೂ ಇದಾರೆ.”

“ಇದ್ರೆ? ಅವರೇನು ನನ್ನ ಮೀಸೇಲಿ ಉಸಿರಾಡ್ತಾರಾ?”

ಯಾದಗಿರಿಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವವನಿಗೆ ಇಂಥ ಮಾತಿಗೆಲ್ಲ ಉತ್ತರ ತಯಾರಿರುತ್ತದೆ. ಮಗ ಹುಟ್ಟಿದ ತಿಂಗಳಲ್ಲೇ ಅಲ್ಲಿಗೆ ವರ್ಗವಾಗಿತ್ತು. ಹೆಂಡತಿ ಮಕ್ಕಳು ನಾಗಮಂಗಲದಲ್ಲಿ. ಹಬ್ಬಕ್ಕೆ ಬರುತ್ತಾನೆ, ಊಟ ಮಾಡುತ್ತಾನೆ, ಬಸ್ಸು ಹತ್ತುತ್ತಾನೆ. ಈ ಸಲ ಬೇಸಿಗೆ ರಜಕ್ಕೆ ಬಂದಾಗ ಸಿದ್ದಾರ್ಥ ಬಾಗಿಲಲ್ಲಿ ನಿಂತು, “ಅಮ್ಮಾ, ಯಾರೋ ಅಂಕಲ್ ಬಂದವ್ರೆ” ಎಂದು ಕೂಗಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ರಘುನಂದನನೂ ನಕ್ಕ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತಿದ್ದ.

ಅವತ್ತೇ ತೀರ್ಮಾನಿಸಿದ. ಒಂದು ದಿನ ಪೂರ್ತಿ ಕಾರಿನಲ್ಲಿ ಪ್ರವಾಸ. ಬೆಳಿಗ್ಗೆ ಶ್ರೀರಂಗಪಟ್ಟಣದ ಸಂಗಮ, ಮಧ್ಯಾಹ್ನ ತೊಣ್ಣೂರು ಕೆರೆ. ನೆಂಟರ ಮನೆ ಇಲ್ಲ, ತನ್ನ ಫೋನು ಬಂದ್. ಸಂಜೆಯೊಳಗೆ ಮಗ ತಾನಾಗಿ ಬಂದು ತನ್ನ ತೊಡೆ ಮೇಲೆ ಕೂರಬೇಕು. ಅಷ್ಟೇ.

ಹೆಂಗೂ ಹೊಳೆಗೆ ಹೋಗ್ತೀವಲ್ಲ, ಮುಡಿ ಕೊಟ್ಟುಬಿಡೋಣ ಎಂದಿದ್ದಳು ರಂಜಿತ. ಮೊದಲ ಮುಡಿ ಸೋದರಮಾವನ ತೊಡೆ ಮೇಲೇ ಆಗಬೇಕು. ಶೀಳನೆರೆಯಿಂದ ತಮ್ಮ ತಿಮ್ಮರಾಜು ಬರಲಿ ಎಂದಳು. ಸಿದ್ದಾರ್ಥನಿಗೆ ತಿಮ್ಮರಾಜು ಅಂದರೆ ಪ್ರಾಣ. ಅದಕ್ಕೇ ಬೇಡವೆಂದ ರಘುನಂದನ. “ತೊಡೆ ನನಗೂ ಇದೆ.”

ಆ ತೊಡೆಯ ಮೇಲೆ ಹುಡುಗ ನಿಲ್ಲಲಿಲ್ಲ. ತಲೆಗೆ ನೀರು ಬಿದ್ದದ್ದೇ ತಡ, ಹೊಳೆದಂಡೆ ಹಾರಿಹೋಗುವ ಹಾಗೆ ಕಿರುಚಿ ಓಡಿದ. ನೋಡು ಮರಿ, ಏನೂ ಆಗಲ್ಲ ಎಂದು ತೋರಿಸಲು ಅಪ್ಪ ತಾನೇ ಕೂತ.

“ತಂದೇರಾ ಸಾ?” ಕ್ಷೌರಿಕ ಮೆಲ್ಲಗೆ ಕೇಳಿದ.

“ಏನು?”

“ಓದೋರು.”

“ಯಾರೂ ಹೋಗಿಲ್ಲ ಕಣಯ್ಯ. ಮಗನಿಗೆ ಧೈರ್ಯ ಬರಲಿ ಅಂತ.”

ಕ್ಷೌರಿಕ ಕತ್ತಿ ಒರೆಸಿಕೊಂಡ. “ಸಂಕಟದಲ್ಲಿ ಅಂಗೇ ಅನ್ಸೋದು ಸಾ. ಬುಡಿ.”

ಹೊಸ ಮುಖ ನೋಡಿ ಸಿದ್ದಾರ್ಥ ಒಂದು ಗಳಿಗೆ ಅಳು ನಿಲ್ಲಿಸಿದ. ಆಮೇಲೆ ಎರಡರಷ್ಟು ಅತ್ತ. ಗುರುತಿಗೆ ಅಂತ ಇದ್ದದ್ದೇ ಒಂದು ಮೀಸೆ, ಅದೂ ಹೋಗಿತ್ತು.

“ಮುಡಿ ಆಮೇಲೆ ನೋಡೋಣ. ಹರಿಗೋಲು ಹತ್ತಿ,” ಎಂದ ರಘುನಂದನ.

ಎಂಟು ವರ್ಷದ ಮಗಳು ಇಂಚರ ಅಪ್ಪನಿಂದ ದೂರ ಸರಿದು ಕೂತಳು. “ಎಲ್ರೂ ನಿಮ್ಮನ್ನೇ ನೋಡ್ತಾವ್ರೆ ಅಪ್ಪ.” ಅವನು ಬಿಳಿ ಪಂಚೆಯಲ್ಲಿ ಗಂಟು ಕಟ್ಟಿದ ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡ. ಖಾಲಿ ತೊಡೆಗೆ ಅದೊಂದು ಕೆಲಸವಾಯಿತು.

ಹೊಳೆಗಳು ಕೂಡುವ ಜಾಗದಲ್ಲಿ ಹರಿಗೋಲಿನವನು ಹುಟ್ಟು ಎತ್ತಿ ಸುಮ್ಮನೆ ಕೂತ.

“ಯಾಕಪ್ಪ?”

“ಇಲ್ಲೇ ಸಾ, ಬುಡೋದು.”

“ಏನನ್ನ?”

ಅವನು ಗಂಟಿನ ಕಡೆ ನೋಡಿ ಮುಖ ತಿರುಗಿಸಿಕೊಂಡ.

“ಅಯ್ಯೋ, ಅದು ಚಿತ್ರಾನ್ನ!” ಎಂದಳು ಇಂಚರ. ರಂಜಿತ ವೇಲನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ನಿಂತ ಮೇಲೂ ಅವಳು ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು.

ದಡದಲ್ಲಿ ರಘುನಂದನನ ಊರಿನ ಚಲುವರಾಜು ನಿಂತಿದ್ದ. ಎರಡೂ ಕೈ ಎತ್ತಿ, ತಲೆ ಬಗ್ಗಿಸಿ ಮುಗಿದ. ರಘುನಂದನ ಖುಷಿಯಿಂದ ಕೈಬೀಸಿದ. ಹರಿಗೋಲು ದಡ ಮುಟ್ಟುವಷ್ಟರಲ್ಲಿ ಆಸಾಮಿ ಅಲ್ಲಿರಲಿಲ್ಲ.

“ಅವ್ರು ಮಾತಾಡಿಸದೆ ಯಾಕೆ ಹೋದ್ರು?” ಎಂದಳು ರಂಜಿತ.

“ಏನೋ ಕೆಲಸ ಇರುತ್ತೆ.”

ತೊಣ್ಣೂರಿನಲ್ಲಿ ಕೆರೆ ತುಂಬಿತ್ತು. ಮಕ್ಕಳು ಅಮ್ಮನ ಜೊತೆ ಮೊಣಕಾಲುದ್ದ ನೀರಿನಲ್ಲಿ ಕುಣಿದರು. ರಘುನಂದನ ದಡದಲ್ಲಿ ಟವೆಲ್ಲು ಹಿಡಿದು ಕಾದ. “ಸಿದ್ದು, ಬಾ ಮರಿ, ಒರೆಸ್ತೀನಿ.” ಹುಡುಗ ಸುತ್ತುಬಳಸಿ ಹೋಗಿ ಅಮ್ಮನ ಬಟ್ಟೆಗೇ ತಲೆ ಒರೆಸಿಕೊಂಡ. ರಘುನಂದನ ಮತ್ತೆ ಕರೆದ. ಮತ್ತೂ ಕರೆದ. ಬಿಡುವ ಮಾತೇ ಇರಲಿಲ್ಲ.

ಸೌತೆಕಾಯಿ ಮಾರುವ ಮುದುಕಿ ಪಕ್ಕದವಳಿಗೆ ಹೇಳುತ್ತಿದ್ದಳು: “ಅಯ್ಯೋ ಶಿವ್ನೇ, ತಿಥೀನೂ ಕಳ್ದಿಲ್ವೇನೋ, ಮಕ್ಳ ಕರ್ಕಂಡು ಆಟಕ್ಕೆ ಬಂದವ್ನಲ್ಲ!”

ಊಟಕ್ಕೆ ಕೂತಾಗ ರಂಜಿತಳ ಫೋನು ಹೊಡೆದುಕೊಂಡಿತು. ತಿಮ್ಮರಾಜು. ಅವನ ಅಳು ಎಲ್ಲರಿಗೂ ಕೇಳಿಸುತ್ತಿತ್ತು. “ಅಕ್ಕಾ, ಅಂಥಾ ದೊಡ್ ಮನುಸ್ರು ಓಗ್ಬುಟ್ರಂತೆ, ನಮ್ಗೊಂದು ಮಾತು ಯೋಳ್ಬಾರ್ದಾ? ಭಾವ ಯಾರ್ಗೂ ತಿಳಿಸ್ದಂಗೆ ಎಲ್ಲಾ ಮುಗ್ಸಿ, ಸಂಗಮದಲ್ಲಿ ಬೂದೀನೂ ಬುಟ್ರಂತಲ್ಲ!”

ಚಲುವರಾಜು ಊರು ಮುಟ್ಟಿದ್ದ. ರಘುನಂದನನ ಅಪ್ಪ ಮರಿಸ್ವಾಮಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕೆ.ಆರ್. ಪೇಟೆಯಲ್ಲಿ ಮಗಳ ಮನೆಯಲ್ಲಿದ್ದರು. ಆಪರೇಷನ್ನು, ಬೋಳುತಲೆ, ಬಿಳಿ ಗಂಟು. ಊರಿಗೆ ಇನ್ನೇನು ಬೇಕು? ಜನ ಟೆಂಪೋ ಮಾಡಿಕೊಂಡು ಪೇಟೆಗೆ ಹೊರಟೂ ಆಗಿತ್ತು.

“ನಮ್ಮಪ್ಪ ಚೆನ್ನಾಗಿದಾರೆ. ಊಟ ಮಾಡಿ,” ಎಂದ ರಘುನಂದನ.

ಆದರೂ ಬಂದ್ ಮಾಡಿದ್ದ ತನ್ನ ಫೋನು ತೆಗೆದು ತಂಗಿಗೆ ಮಾಡಿದ. ಹೊಡೆದುಕೊಂಡೇ ಇತ್ತು. ಇನ್ನೊಮ್ಮೆ ಮಾಡಿದ. ಯಾರೂ ಎತ್ತಲಿಲ್ಲ.

“ತಾತ ನಿಜವಾಗ್ಲೂ ಸತ್ತೋದ್ರಾ?” ಇಂಚರ ಕೇಳಿದಳು.

“ಇಲ್ಲ.”

“ಮತ್ತೆ ಫೋನ್ ಯಾಕೆ ಎತ್ತಲ್ಲ?”

ಅವನ ಕೈ ತಾನಾಗಿ ನೆತ್ತಿಗೆ ಹೋಯಿತು. ಭಯವಾಯಿತು. ಇಂಥದ್ದಕ್ಕೆ ಭಯಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ರಂಜಿತ ಅವನ ಮೇಲ್ದುಟಿಯನ್ನೇ ನೋಡುತ್ತಿದ್ದಳು. ಅನ್ನ ಹಾಗೇ ಬಿಟ್ಟು ಎದ್ದ. “ಕಾರು ಹತ್ತಿ.”

ತಂಗಿಯ ಮನೆ ಮುಂದೆ ಟೆಂಪೋ ನಿಂತಿತ್ತು. ಜಗುಲಿಯಿಂದ ನಗು ಕೇಳಿಸಿತು. ಮರಿಸ್ವಾಮಿ ಕರಿ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಕಾಫಿ ಹೀರುತ್ತಿದ್ದರು. ಸುತ್ತ ಊರಿನವರು, ಅತ್ತ ಕಣ್ಣಲ್ಲೇ ನಗುತ್ತಿದ್ದವರು. ಅಷ್ಟು ಜನಕ್ಕೆ ಕಾಫಿ ಕಾಸುವುದರಲ್ಲಿ ತಂಗಿಗೆ ಫೋನಿನ ಗ್ಯಾನವೇ ಇರಲಿಲ್ಲ. ತಿಮ್ಮರಾಜುವೂ ಬಂದಿದ್ದ. ರಘುನಂದನ ಮೆಟ್ಟಿಲು ಹತ್ತಿದ ಕೂಡಲೇ ನಗು ನಿಂತಿತು.

“ಯಾರ್ಲಾ ಬಂದೋರು?” ಎಂದರು ಮರಿಸ್ವಾಮಿ.

“ನಾನಪ್ಪ.”

ಕಾಲು ಮುಟ್ಟಲು ಬಗ್ಗಿದ. ಮುದುಕನ ಅಂಗೈ ಅವನ ತಲೆ ತಡವಿ, ಕೆಳಗಿಳಿದು ಮೂಗಿನ ಕೆಳಗೆ ನಿಂತಿತು.

“ಮೀಸೇನೂ ತೆಗುಸ್ಬುಟ್ಟಾ?”

“ಸಿದ್ದು ಹೆದರಬಾರದು ಅಂತ.”

“ಎದ್ರುಲಿಲ್ವಾ ಮಗ?”

ರಘುನಂದನ ಜಗುಲಿಯ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಜನ ಅವನ ಸುತ್ತ ನಿಂತರು.

“ನಾ ಕಣ್ಣಾರೆ ಕಂಡೆ ಕಣಪ್ಪ,” ಎಂದ ಚಲುವರಾಜು, ತನ್ನ ಪಾಡಿಗೆ.

ಊರಿನವರು ತಂದಿದ್ದ ಸುಗಂಧರಾಜದ ಹಾರ ಜಗುಲಿಯ ಮೂಲೆಯಲ್ಲಿ ಬಾಳೆಲೆ ಮೇಲಿತ್ತು. ಸತ್ತವರಿಗೆಂದು ತಂದದ್ದು, ಒಳಗೆ ಒಯ್ಯುವಂತಿಲ್ಲ, ವಾಪಸ್ಸು ಒಯ್ಯುವಂತಿಲ್ಲ. ಎಲ್ಲರೂ ಅದನ್ನು ನೋಡದವರಂತೆ ನಿಂತಿದ್ದರು.

ಸಿದ್ದಾರ್ಥ ನೋಡಿದ. ಹೋಗಿ ಎರಡೂ ಕೈಯಲ್ಲಿ ಎತ್ತಿಕೊಂಡ. ಅವನಿಗಿಂತ ಅದೇ ಉದ್ದವಿತ್ತು. “ಲೇ ಸಿದ್ದು, ಬಾರ್ಲಾ ಇಲ್ಲಿ,” ಎಂದು ತಿಮ್ಮರಾಜು ತೋಳು ಚಾಚಿದ. ಹುಡುಗ ಅವನನ್ನು ದಾಟಿ, ಹಾರವನ್ನು ಎಳೆದುಕೊಂಡು, ನೆಟ್ಟಗೆ ಅಪ್ಪನ ಮುಂದೆ ಬಂದು ನಿಂತ.

“ಬಗ್ಗು,” ಎಂದ.

ಇಡೀ ದಿನದಲ್ಲಿ ಅವನು ಅಪ್ಪನಿಗೆ ಆಡಿದ ಮೊದಲ ಮಾತು ಅದು.

“ಬ್ಯಾಡ ಕಣ್ ಮಗ!” “ಕಿತ್ಕಳ್ರಲಾ ಅದ್ನ!” ಎಂದು ಜನ ಕೂಗಿಕೊಂಡರು. ರಂಜಿತ ಓಡಿ ಬಂದಳು. ರಘುನಂದನ ಕೈ ಅಡ್ಡ ಹಿಡಿದು ಎಲ್ಲರನ್ನೂ ತಡೆದ. ತಲೆ ಬಗ್ಗಿಸಿದ.

ತಣ್ಣನೆಯ ಹೂವು ಕುತ್ತಿಗೆಗೆ ಬಿತ್ತು. ಹುಡುಗ ತೊಡೆಯೇರಿ ಕೂತು, ಬೋಳುತಲೆಯನ್ನು ಎರಡೂ ಅಂಗೈಯಿಂದ ಸವರಿ ಸವರಿ ನೋಡಿದ.

“ಏನಾಯ್ತ್ರಲಾ? ಯಾಕ್ರಲಾ ಎಲ್ಲಾ ಸುಮ್ಕಾದ್ರಿ?” ಕರಿ ಕನ್ನಡಕದ ಮುದುಕ ಕೇಳುತ್ತಲೇ ಇದ್ದ.

ರಘುನಂದನ ಕಣ್ಣು ಮುಚ್ಚಿದ. ಮಿಸುಕಿದರೆ ಮಗ ಇಳಿದುಬಿಡುತ್ತಾನೆಂದು ಉಸಿರನ್ನೂ ಬಿಗಿಹಿಡಿದು, ಗೋಡೆಗೆ ಒರಗಿ, ಹಾಗೇ ಕೂತಿದ್ದ.